ನೀರಿನ ರಿಪೋರ್ಟಿನಲ್ಲಿ ಪ್ಲಸ್ಸು, ಮೈನಸ್ಸು ಯಾಕಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮೂಲವಸ್ತುವಿನ ಸಂಕೇತದ ತಲೆ ಮೇಲೆ ಕೂತಿರುವ ಪುಟ್ಟ ಪ್ಲಸ್ಸು, ಮೈನಸ್ಸು ಏನು ಅಂತ ಮಕ್ಕಳೂ ಕೇಳಿದ್ದಾರೆ, ದೊಡ್ಡವರೂ ಕೇಳಿದ್ದಾರೆ. ತುಮಕೂರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಾಗ ನನಗೆ ಬಹಳ ಇಷ್ಟವಾಗಿದ್ದ ಪಾಠ ಇದು. ಹಾಗಾಗಿ ಪೂರ್ತಿ ಪುಟವನ್ನು ಇದಕ್ಕೇ ಕೊಡುತ್ತಿದ್ದೇನೆ.

ಮೇಡಂ, ಹೊಸ ಬೋರ್‌ವೆಲ್ ನೀರನ್ನು ಟೆಸ್ಟಿಗೆ ಕೊಟ್ಟಿದ್ದೆವು. ರಿಪೋರ್ಟಿನಲ್ಲಿ ಸಿಎ²⁺ 16, ಎಂಜಿ²⁺ 12, ಎಫ್⁻ 2.4 ಅಂತ ಇದೆ. ಎಫ್ ಪಕ್ಕ ಮೈನಸ್ ಇರೋದ್ರಿಂದ ಫ್ಲೋರೈಡ್ ಕಮ್ಮಿ ಇದೆ ಅಂತ ತಾನೆ? ನೀರಲ್ಲಿ ಕರೆಂಟ್ ಇದೆ ಅಂತ ಒಬ್ಬರು ಹೆದರಿಸಿದರು. ನೀರು ರುಚಿಯಾಗಿದೆ, ಬೇಳೆನೂ ಚೆನ್ನಾಗಿ ಬೇಯುತ್ತೆ. ಕುಡಿಯಬಹುದಾ? — ಒಬ್ಬ ರೈತ, ಪಾವಗಡ ತಾಲ್ಲೂಕು

ಕುಡಿಯಬೇಡಿ ಅಣ್ಣ. ಮಕ್ಕಳಿಗಂತೂ ಕೊಡಲೇಬೇಡಿ. ಇದನ್ನು ಮೊದಲು ಹೇಳಿಬಿಟ್ಟೆ, ಕಾರಣ ಈಗ ಹೇಳುತ್ತೇನೆ.

ಆ ಮೈನಸ್ಸಿಗೂ ಕಮ್ಮಿ ಅನ್ನುವುದಕ್ಕೂ ಸಂಬಂಧವಿಲ್ಲ. ಎಷ್ಟಿದೆ ಅಂತ ಹೇಳುವುದು ಪಕ್ಕದ 2.4. ಅಂದರೆ ಒಂದು ಲೀಟರ್ ನೀರಿನಲ್ಲಿ 2.4 ಮಿಲಿಗ್ರಾಂ ಫ್ಲೋರೈಡ್. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 1.5ರ ತನಕ ಒಪ್ಪುತ್ತಾರೆ. ನಿಮ್ಮದು ಅದನ್ನೂ ದಾಟಿದೆ.

ಹಾಗಾದರೆ ಮೈನಸ್ ಏನು? ಪ್ರತಿ ಪರಮಾಣುವಿನ ನಡುವೆ ಪ್ಲಸ್ ಚಾರ್ಜಿನ ಪ್ರೋಟಾನ್‌ಗಳಿವೆ, ಸುತ್ತ ಮೈನಸ್ ಚಾರ್ಜಿನ ಎಲೆಕ್ಟ್ರಾನ್‌ಗಳಿವೆ. ಎರಡೂ ಅಷ್ಟಷ್ಟೇ ಇದ್ದರೆ ಲೆಕ್ಕ ಚುಕ್ತಾ, ಚಾರ್ಜ್ ಇಲ್ಲ. ಫ್ಲೋರಿನ್‌ನಲ್ಲಿ 9 ಪ್ರೋಟಾನ್, 9 ಎಲೆಕ್ಟ್ರಾನ್. ಅದು ಹೊರಗಿನಿಂದ ಇನ್ನೊಂದು ಎಲೆಕ್ಟ್ರಾನ್ ತೆಗೆದುಕೊಂಡಾಗ ಮೈನಸ್ ಒಂದು ಜಾಸ್ತಿಯಾಗುತ್ತದೆ. ಅದನ್ನೇ ಫ್ಲೋರೈಡ್ ಅನ್ನುತ್ತಾರೆ, ಎಫ್⁻ ಅಂತ ಬರೆಯುತ್ತಾರೆ. ಕ್ಯಾಲ್ಸಿಯಂ ಇದಕ್ಕೆ ಉಲ್ಟಾ. ಅದರಲ್ಲಿರುವ 20 ಎಲೆಕ್ಟ್ರಾನ್‌ಗಳಲ್ಲಿ ಎರಡನ್ನು ಬಿಟ್ಟುಕೊಡುತ್ತದೆ, 20 ಪ್ರೋಟಾನ್ ಹಾಗೇ ಉಳಿಯುತ್ತವೆ. ಎರಡು ಪ್ಲಸ್ ಹೆಚ್ಚಾಯಿತು, ಸಿಎ²⁺ ಆಯಿತು. ಹೀಗೆ ಚಾರ್ಜ್ ಬಂದ ಪರಮಾಣುವಿಗೆ ಅಯಾನು ಅನ್ನುತ್ತಾರೆ.

ಕರೆಂಟಿನ ಭಯ ಬೇಡ. ನೀರಿನಲ್ಲಿರುವ ಎಲ್ಲ ಪ್ಲಸ್ಸುಗಳನ್ನೂ ಕೂಡಿಸಿ, ಎಲ್ಲ ಮೈನಸ್ಸುಗಳನ್ನೂ ಕೂಡಿಸಿದರೆ ಎರಡೂ ಸಮ ಬರುತ್ತವೆ. ಹಾಗಾಗಿ ಅಯಾನುಗಳಿವೆ ಅಂತ ನೀರು ಶಾಕ್ ಹೊಡೆಯುವುದಿಲ್ಲ. ಆದರೆ ಹೊರಗಿನಿಂದ ಕರೆಂಟ್ ಕೊಟ್ಟರೆ ಅದನ್ನು ಸಾಗಿಸುವುದು ಈ ಅಯಾನುಗಳೇ. ಆರ್‌ಓ ಮಾರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಪೆನ್ನು ಕೆಲಸ ಮಾಡುವುದೂ ಹೀಗೇ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಒಟ್ಟು ಎಷ್ಟು ಲವಣ ಇರಬಹುದು ಅಂತ ಅಂದಾಜು ಹೇಳುತ್ತದೆ. ಯಾವ ಅಯಾನು ಎಷ್ಟಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಟಿಡಿಎಸ್ ಕಮ್ಮಿ ಬಂತು ಅಂತ ಫ್ಲೋರೈಡ್ ಇಲ್ಲ ಅಂದುಕೊಳ್ಳಬೇಡಿ.

ಇನ್ನು ಬೇಳೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ತುಂಬಾ ಜನ ನೀರನ್ನು ಅಳೆಯುವುದೇ ಬೇಳೆ ಬೇಯಿಸಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಅದಕ್ಕೇ ಬೇಳೆ ಬೇಗ ಬೇಯುವುದಿಲ್ಲ. ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ 16 ಮಾತ್ರ, ಹಾಗಾಗಿ ಚೆನ್ನಾಗಿ ಬೇಯುತ್ತದೆ, ಸೋಪಿನ ನೊರೆಯೂ ಚೆನ್ನಾಗಿ ಬರುತ್ತಿರಬೇಕು. ಆದರೆ ಫ್ಲೋರೈಡಿನ ವಿಷಯದಲ್ಲಿ ಇದೇ ತೊಂದರೆ. ಕ್ಯಾಲ್ಸಿಯಂ ಜಾಸ್ತಿ ಇರುವ ಕಡೆ ಒಂದು ಸಿಎ²⁺ ಎರಡು ಎಫ್⁻ ಹಿಡಿದುಕೊಂಡು ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದು ತೀರಾ ಕಮ್ಮಿ, ಕಲ್ಲಿನಲ್ಲೇ ಉಳಿದುಬಿಡುತ್ತದೆ. ಕ್ಯಾಲ್ಸಿಯಂ ಕಮ್ಮಿ ಇದ್ದು ಸೋಡಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡನ್ನು ಹಿಡಿಯುವವರೇ ಇಲ್ಲ. ಅಂದರೆ ಬಾಯಿಗೆ ರುಚಿಯಾದ, ಬೇಳೆ ಬೇಯುವ ಮೆದು ನೀರಿನಲ್ಲೇ ಎಷ್ಟೋ ಸಲ ಫ್ಲೋರೈಡ್ ಜಾಸ್ತಿ ಇರುತ್ತದೆ. ಪಾವಗಡ, ಶಿರಾ ಕಡೆಯಿಂದ ವಿದ್ಯಾರ್ಥಿಗಳು ಬಾಟಲಿಯಲ್ಲಿ ತಂದ ನೀರಿನಲ್ಲಿ ಇದನ್ನು ನಾನೇ ನೋಡಿದ್ದೇನೆ. ಜಿರ್ಕೋನಿಯಂ ಎಂಬ ಲೋಹದ ಲವಣ ಮತ್ತು ಅಲಿಜರಿನ್ ಎಂಬ ಬಣ್ಣ ಬೆರೆಸಿದ ದ್ರಾವಣ ಗುಲಾಬಿಗೆಂಪು ಇರುತ್ತದೆ. ಫ್ಲೋರೈಡ್ ಇರುವ ನೀರು ಬಿದ್ದರೆ ಫ್ಲೋರೈಡು ಜಿರ್ಕೋನಿಯಂ ಅಯಾನನ್ನು ಬಣ್ಣದಿಂದ ಎಳೆದುಕೊಂಡುಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗುಲಾಬಿ ಹೋಗಿ ಹಳದಿ ಉಳಿಯುತ್ತದೆ. ‘ನಮ್ಮೂರಲ್ಲೇ ಒಳ್ಳೇ ನೀರು ಮೇಡಂ’ ಅಂತ ತಂದುಕೊಟ್ಟ ಬಾಟಲಿಯ ನೀರೇ ಹಳದಿಯಾದಾಗ ಆ ಹುಡುಗಿ ಮಾತಾಡದೆ ನಿಂತಿದ್ದಳು.

ಫ್ಲೋರೈಡು ಹಲ್ಲಿಗೆ, ಮೂಳೆಗೇ ಯಾಕೆ ಹೋಗುತ್ತದೆ ಅನ್ನುವುದಕ್ಕೂ ಆ ಮೈನಸ್ಸೇ ಉತ್ತರ. ಹಲ್ಲು, ಮೂಳೆಯ ಖನಿಜದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಜೊತೆಗೆ ಹೈಡ್ರಾಕ್ಸೈಡ್ ಅಯಾನು ಕೂತಿರುತ್ತದೆ. ಅದಕ್ಕೂ ಒಂದೇ ಮೈನಸ್, ಗಾತ್ರವೂ ಹೆಚ್ಚುಕಮ್ಮಿ ಫ್ಲೋರೈಡಿನಷ್ಟೇ. ಹಾಗಾಗಿ ಅದನ್ನು ಎಬ್ಬಿಸಿ ಇದು ಕೂತುಕೊಳ್ಳುತ್ತದೆ. ಸ್ವಲ್ಪ ಸೇರಿದರೆ ಹಲ್ಲು ಗಟ್ಟಿಯಾಗುತ್ತದೆ, ಟೂತ್‌ಪೇಸ್ಟಿಗೆ ಹಾಕುವುದು ಅದಕ್ಕೇ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗೆ ಜಾಸ್ತಿಯಾದರೆ ಕಂದು ಕಲೆ ಬರುತ್ತದೆ. ಆ ಕಲೆ ತಿಕ್ಕಿದರೆ ಹೋಗುವುದಿಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ.

ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ. ಬಟ್ಟೆ, ಪಾತ್ರೆ, ಸ್ನಾನಕ್ಕೆಲ್ಲ ಆ ನೀರು ಆಗಬಹುದು. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರು ತನ್ನಿ, ಇಲ್ಲವೇ ಚಾವಣಿಯ ಮಳೆನೀರನ್ನು ಶುಚಿಯಾಗಿ ಹಿಡಿದಿಡಿ. ಆರ್‌ಓ ಅಥವಾ ಆಕ್ಟಿವೇಟೆಡ್ ಅಲ್ಯೂಮಿನಾ ಇರುವ ಫಿಲ್ಟರು ಫ್ಲೋರೈಡನ್ನು ತೆಗೆಯುತ್ತದೆ. ಬರೀ ಬಟ್ಟೆ, ಮರಳು, ಇದ್ದಿಲಿನಿಂದ ಆಗುವುದಿಲ್ಲ.

ಮೇಡಂ, ನಾನು ಎಸ್‌ಎಸ್‌ಎಲ್‌ಸಿ. ಅಯಾನುಗಳ ಚಾರ್ಜ್ ಎಷ್ಟು ಉರು ಹೊಡೆದರೂ ಮರೆತುಹೋಗುತ್ತೆ. ಸೋಡಿಯಂಗೆ ಒಂದು, ಅಲ್ಯೂಮಿನಿಯಂಗೆ ಮೂರು ಅಂತ ಯಾರು ತೀರ್ಮಾನ ಮಾಡಿದ್ದು? — ವಿದ್ಯಾರ್ಥಿನಿ, ಶಿರಸಿ

ಉರು ಹೊಡೆಯೋದನ್ನು ಇವತ್ತೇ ಬಿಡು ಮಗಳೇ. ಆರು ಎಲೆಕ್ಟ್ರಾನ್ ಸಂಖ್ಯೆ ಮಾತ್ರ ಗೊತ್ತಿರಲಿ: ಹೀಲಿಯಂ 2, ನಿಯಾನ್ 10, ಆರ್ಗಾನ್ 18, ಕ್ರಿಪ್ಟಾನ್ 36, ಕ್ಸೆನಾನ್ 54, ರೇಡಾನ್ 86. ಇವು ಆವರ್ತಕ ಕೋಷ್ಟಕದ ಬಲತುದಿಯ ಜಡ ಅನಿಲಗಳು. ಇವುಗಳ ಎಲೆಕ್ಟ್ರಾನ್ ಜೋಡಣೆ ಭದ್ರವಾಗಿದೆ. ಇವು ಸಾಮಾನ್ಯವಾಗಿ ಯಾರಿಗೂ ಕೊಡುವುದಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಇವುಗಳ ಆಚೀಚೆ ಇರುವ ಮೂಲವಸ್ತುಗಳು ಅಯಾನು ಆಗುವಾಗ ಹತ್ತಿರದ ಜಡ ಅನಿಲದ ಸಂಖ್ಯೆಗೇ ಬಂದು ನಿಲ್ಲುತ್ತವೆ.

ಸೋಡಿಯಂ 11. ಹತ್ತಿರ ಇರುವುದು 10. ಒಂದು ಬಿಟ್ಟರೆ ಸಾಕು, ಒಂದು ಪ್ಲಸ್. ಮೆಗ್ನೀಸಿಯಂ 12, ಎರಡು ಬಿಡಬೇಕು. ಅಲ್ಯೂಮಿನಿಯಂ 13, ಮೂರು. ಆ ಕಡೆಯಿಂದ ಬಾ: ಫ್ಲೋರಿನ್ 9, ಒಂದು ಬೇಕು, ಒಂದು ಮೈನಸ್. ಆಕ್ಸಿಜನ್ 8, ಎರಡು ಬೇಕು. ನೋಡು, ಈ ಐದು ಅಯಾನುಗಳಲ್ಲೂ ಈಗ ಹತ್ತೇ ಎಲೆಕ್ಟ್ರಾನ್, ನಿಯಾನ್‌ನಷ್ಟೇ. ಈಗ ನೀನೇ ಮಾಡು: ಗಂಧಕ 16, ಪೊಟ್ಯಾಸಿಯಂ 19, ಬ್ರೋಮಿನ್ 35, ಸ್ಟ್ರಾನ್ಷಿಯಂ 38, ಅಯೋಡಿನ್ 53, ಬೇರಿಯಂ 56.

ಸೋಡಿಯಂ ಎರಡನ್ನು ಯಾಕೆ ಬಿಡಬಾರದು ಅಂತ ನನ್ನ ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ ತುಂಬಾ ಖುಷಿಯಾಗುತ್ತಿತ್ತು. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲನೇ ಎಲೆಕ್ಟ್ರಾನ್ ಕೀಳಲು ಒಂದು ಮೋಲ್ (ಅಂದರೆ ಸುಮಾರು 23 ಗ್ರಾಂ) ಸೋಡಿಯಂಗೆ ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಎರಡನೆಯದನ್ನು ಕೀಳಲು ಸುಮಾರು 4,562! ಒಂಬತ್ತು ಪಟ್ಟು. ಯಾಕೆಂದರೆ ಒಂದು ಹೋದ ಮೇಲೆ ಒಳಗಡೆ ಉಳಿದಿರುವುದು ನಿಯಾನ್‌ನಂಥ ಜೋಡಣೆ. ಸಾಮಾನ್ಯ ರಾಸಾಯನಿಕ ಕ್ರಿಯೆ ಅಷ್ಟು ಶಕ್ತಿ ಹೊಂದಿಸಲಾರದು. ಅಂದರೆ ಈ ಚಾರ್ಜನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಅಳೆದು ನೋಡಬಹುದಾದ ಸಂಗತಿ ಅದು.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ ಅಂತಲೂ ತಿಳಿದಿರು. ಕೋಷ್ಟಕದ ನಡುಭಾಗದ ಕಬ್ಬಿಣ, ತಾಮ್ರದಂಥವು ಬೇರೆ ದಾರಿ ಹಿಡಿಯುತ್ತವೆ, ಮುಂದಿನ ಪತ್ರದಲ್ಲಿ ಅದೇ ಬರುತ್ತದೆ. ಹಲವು ಪರಮಾಣುಗಳು ಗುಂಪಾಗಿ ಸೇರಿ ಆಗಿರುವ ಅಯಾನುಗಳನ್ನು ಸದ್ಯಕ್ಕೆ ನೆನಪಿಟ್ಟುಕೊಳ್ಳಲೇಬೇಕು. ಅಮೋನಿಯಂಗೆ ಒಂದು ಪ್ಲಸ್, ನೈಟ್ರೇಟ್‌ಗೆ ಒಂದು ಮೈನಸ್, ಸಲ್ಫೇಟ್ ಮತ್ತು ಕಾರ್ಬೊನೇಟ್‌ಗೆ ಎರಡು, ಫಾಸ್ಫೇಟ್‌ಗೆ ಮೂರು. ಅಷ್ಟೇ, ಜಾಸ್ತಿ ಇಲ್ಲ.

ಬರೆಯುವಾಗ ಅಕ್ಷರದ ಗಾತ್ರದ ಮೇಲೆ ಗಮನ ಇರಲಿ. ದೊಡ್ಡ ಸಿ, ಚಿಕ್ಕ ಒ ಬರೆದರೆ ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಸೋಡಿಯಂಗೆ ಎನ್‌ಎ, ಪೊಟ್ಯಾಸಿಯಂಗೆ ಕೆ, ಕಬ್ಬಿಣಕ್ಕೆ ಎಫ್‌ಇ ಬಂದಿದ್ದು ನೇಟ್ರಿಯಂ, ಕೇಲಿಯಂ, ಫೆರಂ ಎಂಬ ಲ್ಯಾಟಿನ್ ಹೆಸರುಗಳಿಂದ. ಹೆಸರಿನ ಮೊದಲ ಒಂದೆರಡು ಅಕ್ಷರವನ್ನೇ ಸಂಕೇತ ಮಾಡೋಣ ಅಂತ 1813ರ ಸುಮಾರಿಗೆ ಸೂಚಿಸಿದವರು ಸ್ವೀಡನ್ನಿನ ಬರ್ಜೀಲಿಯಸ್.

ಮೇಡಂ, ನಮ್ಮ ಬಾವಿ ನೀರು ಸೇದುವಾಗ ತಿಳಿಯಾಗಿರುತ್ತದೆ. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಮೇಲೆ ಪೊರೆ, ಅಡಿಯಲ್ಲಿ ಕೆಂಪು ಗಸಿ. ಬಿಳಿ ಬಟ್ಟೆಯೆಲ್ಲ ಹಾಳಾಯಿತು. ಕೊಡದಲ್ಲೇ ಏನಾದರೂ ಸೇರುತ್ತಿದೆಯೇ? — ಗೃಹಿಣಿ, ಕುಂದಾಪುರ

ಕೊಡದಲ್ಲಿ ಸೇರುತ್ತಿರುವುದು ಬರೀ ಗಾಳಿ. ಕಬ್ಬಿಣ ಬಾವಿಯಲ್ಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೇ.

ನಿಮ್ಮ ಕಡೆಯ ಮುರಕಲ್ಲಿನಲ್ಲಿ, ಕೆಂಪು ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದೆ. ಗಾಳಿಯಾಡದ ಆಳದಲ್ಲಿ ಅದು ಎಫ್‌ಇ²⁺ ಆಗಿ ನೀರಿಗೆ ಇಳಿಯುತ್ತದೆ. ಈ ಅಯಾನು ಚೆನ್ನಾಗಿ ಕರಗುತ್ತದೆ, ಅಷ್ಟು ಕಮ್ಮಿ ಇದ್ದಾಗ ಬಣ್ಣವೂ ಕಾಣುವುದಿಲ್ಲ. ನೀರನ್ನು ಮೇಲೆ ತಂದಾಗ ಗಾಳಿಯ ಆಕ್ಸಿಜನ್ ಅದರಿಂದ ಇನ್ನೊಂದು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಎಫ್‌ಇ³⁺ ಆಗುತ್ತದೆ. ಒಂದೇ ಒಂದು ಎಲೆಕ್ಟ್ರಾನಿನ ವ್ಯತ್ಯಾಸ, ಆದರೆ ಇದು ಕುಡಿಯುವ ನೀರಿನಂಥ ನೀರಿನಲ್ಲಿ ಕರಗಿ ಉಳಿಯಲಾರದು. ಹೈಡ್ರಾಕ್ಸೈಡ್ ಜೊತೆ ಸೇರಿ ಕೆಂಗಂದು ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ನೀರಿನಲ್ಲಿ ಚಹಾ ಮಾಡಿದರೆ ಕಪ್ಪಗಾಗುವುದೂ ಕಬ್ಬಿಣದಿಂದಲೇ. ಚಹಾದ ಒಗರು ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣ ಅದು. ರಕ್ತ ಕಮ್ಮಿ ಅಂತ ಕೊಡುವ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ ಅಂತ ಹೇಳುವುದೂ ಇದಕ್ಕೇ.

ಕಬ್ಬಿಣ ಎರಡು ಚಾರ್ಜ್ ತೋರಿಸುವುದು ಹೀಗೆ: ಅದರಲ್ಲಿ 26 ಎಲೆಕ್ಟ್ರಾನ್ ಇವೆ. ಆರ್ಗಾನ್‌ನ 18ಕ್ಕೆ ಬರಬೇಕಾದರೆ ಎಂಟನ್ನು ಕಳೆದುಕೊಳ್ಳಬೇಕು, ಅದು ಆಗದ ಮಾತು. ಹೊರಗಿನ ಎರಡು ಸುಲಭವಾಗಿ ಹೋಗುತ್ತವೆ. ಒಳಗಿನ ಪದರದ ಒಂದು ಭಾಗದಿಂದ ಮೂರನೆಯದೂ ಹೋದರೆ ಆ ಭಾಗದಲ್ಲಿ ಐದು ಉಳಿದು, ಅಲ್ಲಿನ ಐದು ಮನೆಗಳಲ್ಲಿ ಒಂದೊಂದಾಗಿ ಕೂರುತ್ತವೆ. ಅದೂ ಒಂದು ಭದ್ರವಾದ ಜೋಡಣೆಯೇ.

ನಿಮ್ಮ ತೊಂದರೆಗೆ ದಾರಿ ಸುಲಭ. ಗಾಳಿ ರಾತ್ರಿಯಿಡೀ ಮಾಡುವ ಕೆಲಸವನ್ನು ನೀವು ಬೇಗ ಮಾಡಿಸಿ. ನೀರನ್ನು ಟ್ಯಾಂಕಿಗೆ ಬಿಡುವಾಗ ತೂತುಗಳಿರುವ ಪೈಪಿನಿಂದ ಶವರಿನಂತೆ ಬೀಳಿಸಿ, ಕೆಲವು ಗಂಟೆ ನಿಲ್ಲಿಸಿ, ಮರಳಿನ ಸೋಸುಗದಿಂದ ಬಿಡಿ. ಕಬ್ಬಿಣದ ಬಹುಭಾಗ ಅಲ್ಲೇ ನಿಲ್ಲುತ್ತದೆ. ಬಟ್ಟೆಯ ಕಲೆಗೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಬ್ಲೀಚ್ ಮಾತ್ರ ಹಾಕಬೇಡಿ, ಅದೂ ಕಬ್ಬಿಣವನ್ನು ಮೂರು ಪ್ಲಸ್ಸಿಗೇ ಒಯ್ಯುತ್ತದೆ, ಕಲೆ ಗಟ್ಟಿಯಾಗುತ್ತದೆ.

ಸೋಡಿಯಂ ನೀರಿಗೆ ಬಿದ್ದರೆ ಉರಿಯುತ್ತೆ, ಕ್ಲೋರಿನ್ ವಿಷ. ಎರಡೂ ಸೇರಿದ ಉಪ್ಪನ್ನು ಹೇಗೆ ತಿನ್ನುತ್ತೇವೆ? — 9ನೇ ತರಗತಿ, ಹಾಸನ

ಉಪ್ಪಿನಲ್ಲಿರುವುದು ಸೋಡಿಯಂ ಲೋಹವೂ ಅಲ್ಲ, ಕ್ಲೋರಿನ್ ಅನಿಲವೂ ಅಲ್ಲ ಪುಟ್ಟಾ. ಅವುಗಳ ಅಯಾನುಗಳು. ಸೋಡಿಯಂ ನೀರಿನಲ್ಲಿ ಉರಿಯುವುದು ತನ್ನ ಆ ಒಂದು ಎಲೆಕ್ಟ್ರಾನನ್ನು ಬಿಡುವ ಭರದಲ್ಲಿ. ಉಪ್ಪಿನಲ್ಲಿ ಅದನ್ನು ಆಗಲೇ ಬಿಟ್ಟಾಗಿದೆ, ಇನ್ನು ಉರಿಯಲು ಏನೂ ಉಳಿದಿಲ್ಲ. ನಿಮ್ಮ ಟೀಚರ್ ಹತ್ತಿರ ಸಿಲ್ವರ್ ನೈಟ್ರೇಟ್ ಇದ್ದರೆ ಉಪ್ಪಿನ ನೀರಿಗೆ ಎರಡು ಹನಿ ಹಾಕಿ ತೋರಿಸಲು ಕೇಳು. ತಕ್ಷಣ ಮೊಸರಿನಂಥ ಬಿಳಿ ಗರಣೆ ಬರುತ್ತದೆ, ಬಿಸಿಲಿಗಿಟ್ಟರೆ ಬೂದು ನೇರಳೆಗೆ ತಿರುಗುತ್ತದೆ. ಅದು ಕ್ಲೋರೈಡ್ ಅಯಾನಿನ ಗುರುತು. ಕ್ಲೋರೋಫಾರ್ಮಿನ ಒಂದೊಂದು ಅಣುವಿನಲ್ಲೂ ಮೂರು ಕ್ಲೋರಿನ್ ಇವೆ. ಅದಕ್ಕೆ ಅದೇ ಸಿಲ್ವರ್ ನೈಟ್ರೇಟ್ ಹಾಕಿದರೆ ಗರಣೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಕ್ಲೋರಿನ್ ಇದೆ, ಕ್ಲೋರೈಡ್ ಅಯಾನು ಇಲ್ಲ.

ನಿಯಾನ್ ಅನಿಲ ಕಂಡುಹಿಡಿದವರು ಬೆಂಗಳೂರಿನಲ್ಲಿ ಇದ್ದರು ಎಂದು ಮೊಮ್ಮಗನಿಗೆ ಹೇಳಿದೆ. ಅವನು ನಂಬುತ್ತಿಲ್ಲ. ನನ್ನ ನೆನಪು ಸರಿಯೇ? — ನಿವೃತ್ತ ಬ್ಯಾಂಕ್ ನೌಕರರು, ಮಲ್ಲೇಶ್ವರ

ಸರಿಯಾಗೇ ಹೇಳಿದ್ದೀರಿ ಸರ್. ಮೊಮ್ಮಗನಿಗೆ ಈ ಪುಟ ಓದಲು ಕೊಡಿ.

ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ಅವರೂ ಅವರ ಗುರು ವಿಲಿಯಂ ರಾಮ್ಸೆಯೂ ಸೇರಿ 1898ರಲ್ಲಿ ಲಂಡನ್ನಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಕಂಡುಹಿಡಿದರು. ಗಾಳಿಯನ್ನು ದ್ರವವಾಗುವಷ್ಟು ತಣ್ಣಗೆ ಮಾಡಿ, ಆಮೇಲೆ ನಿಧಾನವಾಗಿ ಆವಿ ಮಾಡಿ, ಬೇರೆ ಬೇರೆ ಉಷ್ಣತೆಯಲ್ಲಿ ಬೇರೆಯಾಗುವ ಅನಿಲಗಳನ್ನು ಹಿಡಿದು ನೋಡಿದರು. ಸಂಸ್ಥೆಗೆ ಬೆಂಗಳೂರೇ ಸೂಕ್ತ ಜಾಗ ಅಂತ ಸಲಹೆ ಕೊಟ್ಟವರು ರಾಮ್ಸೆ. ಅದಕ್ಕಾಗಿಯೇ ಅವರು ಭಾರತಕ್ಕೆ ಬಂದು ಊರುಗಳನ್ನು ನೋಡಿ ಹೋಗಿದ್ದರು.

ಇದಕ್ಕೆ ಮುಂಚೆ ಸಿಕ್ಕಿದ್ದು ಆರ್ಗಾನ್. ಗಾಳಿಯಿಂದ ತೆಗೆದ ನೈಟ್ರೋಜನ್ ಲೀಟರಿಗೆ ಸುಮಾರು 1.257 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್ 1.251ರಷ್ಟು ತೂಗಿತು. ಲಾರ್ಡ್ ರೇಲಿ ಈ ಕೂದಲೆಳೆಯ ವ್ಯತ್ಯಾಸವನ್ನು ತಳ್ಳಿಹಾಕಲಿಲ್ಲ. ಅವರು, ರಾಮ್ಸೆ ಸೇರಿ ಹುಡುಕಿದಾಗ 1894ರಲ್ಲಿ ಆರ್ಗಾನ್ ಬಯಲಾಯಿತು. ಗಾಳಿಯಲ್ಲಿ ಅದು ಶೇಕಡಾ 0.93ರಷ್ಟಿದೆ, ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟು ಜಾಸ್ತಿ. ಒಂದು ಉಸಿರಿನಲ್ಲಿ ಹೆಚ್ಚುಕಮ್ಮಿ ಒಂದು ಟೀ ಚಮಚದಷ್ಟು ಆರ್ಗಾನ್ ಒಳಗೆ ಹೋಗಿ, ಯಾವುದರ ಜೊತೆಗೂ ಸೇರದೆ ಹಾಗೇ ಹೊರಗೆ ಬರುತ್ತದೆ.

ಹೀಲಿಯಂ ಕಥೆಯಲ್ಲಿ ನಮ್ಮ ಜಮಖಂಡಿಯೂ ಇದೆ, ಇದು ನನಗೆ ಬಹಳ ಪ್ರೀತಿಯ ವಿಷಯ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನೋಡಿದರು. ಅದೇ ಗ್ರಹಣವನ್ನು ಜಮಖಂಡಿಯಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಇಟ್ಟುಕೊಂಡು ನೋಡಿದವರು ಲೆಫ್ಟಿನೆಂಟ್ ಹರ್ಷೆಲ್. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಒಂದು ಹಳದಿ ಗೆರೆ ಇತ್ತು. ಮೊದಮೊದಲು ಅದನ್ನು ಸೋಡಿಯಂ ಗೆರೆ ಅಂತಲೇ ತಿಳಿದರು. ಉಪ್ಪುನೀರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ಬರುತ್ತದಲ್ಲ, ಆ ಹಳದಿ ಸೋಡಿಯಂದು. ಈ ಗೆರೆ ಅದರ ಪಕ್ಕದಲ್ಲೇ ಇತ್ತು, ಆದರೆ ಅದಲ್ಲ. ಅದು ಸೂರ್ಯನಲ್ಲಿರುವ ಬೇರೆಯೇ ವಸ್ತುವಿನದು ಅಂತ ಇಂಗ್ಲೆಂಡಿನ ಲಾಕಿಯರ್ ಹೇಳಿದರು. ಅದೇ ವಸ್ತು ಭೂಮಿಯ ಮೇಲೆ ರಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದಲ್ಲಿ.

ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಈ ಅನಿಲಗಳಿಗೆ ಜಾಗವೇ ಇರಲಿಲ್ಲ, ಆಮೇಲೆ ಹೊಸ ಸಾಲು ಸೇರಿಸಬೇಕಾಯಿತು. ಅಯಾನುಗಳ ಚಾರ್ಜಿಗೂ ಜಡ ಅನಿಲಗಳಿಗೂ ಇರುವ ನಂಟನ್ನು 1916ರಲ್ಲಿ ಜರ್ಮನಿಯ ಕೋಸೆಲ್ ಬಿಡಿಸಿ ಹೇಳಿದರು. ಶಿರಸಿಯ ಹುಡುಗಿಗೆ ನಾನು ಹೇಳಿಕೊಟ್ಟ ಲೆಕ್ಕ ಅಲ್ಲಿಂದ ಬಂದದ್ದು.

ಜಡ ಅನಿಲಗಳು ಅಯಾನು ಆಗುವುದೇ ಇಲ್ಲವಾ ಮೇಡಂ? — ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ

ಆಗುತ್ತವೆ ತಮ್ಮಾ. ತಾವಾಗಿ ಆಗುವುದಿಲ್ಲ, ಬಲವಂತ ಮಾಡಬೇಕು.

1962ರಲ್ಲಿ ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ನೀಲ್ ಬಾರ್ಟ್‌ಲೆಟ್, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕೆಂಪು ಆವಿ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಕಂಡಿದ್ದರು. ಕ್ಸೆನಾನ್‌ನಿಂದ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಅಂತ ಅವರಿಗೆ ಹೊಳೆಯಿತು. ಎರಡನ್ನೂ ಸೇರಿಸಿದರು, ಹಳದಿ ಬಣ್ಣದ ಘನವಸ್ತು ಬಂತು. ಜಡ ಅನಿಲ ಯಾರ ಜೊತೆಗೂ ಸೇರುವುದಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಪುಸ್ತಕದ ಒಂದು ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದ್ದರಿಂದ ಬಂದ ಫಲ ಇದು. ಕೋಷ್ಟಕದ ಸಂಖ್ಯೆಗಳನ್ನು ಸುಮ್ನೆ ದಾಟಿ ಹೋಗಬೇಡ ಅಂತ ನಿನಗೂ ಹೇಳುತ್ತೇನೆ.

ಇಸ್ರೋ 2017ರ ಮೇ ತಿಂಗಳಲ್ಲಿ ಹಾರಿಸಿದ ಜಿಸ್ಯಾಟ್-9 ಉಪಗ್ರಹದಲ್ಲಿ ಕ್ಸೆನಾನ್ ಬಳಸುವ ವಿದ್ಯುತ್ ಥ್ರಸ್ಟರ್‌ಗಳಿದ್ದವು, ಅಂದರೆ ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್‌ಗಳು. ಅಂಥ ಥ್ರಸ್ಟರಿನೊಳಗೆ ಓಡುವ ಎಲೆಕ್ಟ್ರಾನ್‌ಗಳು ಕ್ಸೆನಾನ್‌ಗೆ ಡಿಕ್ಕಿ ಹೊಡೆದು ಒಂದು ಎಲೆಕ್ಟ್ರಾನನ್ನು ಕಳಚುತ್ತವೆ. 54ರಲ್ಲಿ 53 ಉಳಿದು ಒಂದು ಪ್ಲಸ್ ಬರುತ್ತದೆ. ಪ್ಲಸ್ ಬಂದರೆ ಅದನ್ನು ವಿದ್ಯುತ್ ಕ್ಷೇತ್ರದಿಂದ ತಳ್ಳಬಹುದು ಅಲ್ವಾ? ಸೆಕೆಂಡಿಗೆ ಹತ್ತು ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಅದು ಹೊರಗೆ ಹಾರುತ್ತದೆ, ಉಪಗ್ರಹ ಎದುರು ದಿಕ್ಕಿಗೆ ಮೆಲ್ಲಗೆ ಸರಿಯುತ್ತದೆ. ಹೊರಹೋಗುವ ಅಯಾನುಗಳಿಗೆ ಬಾಗಿಲಲ್ಲೇ ಎಲೆಕ್ಟ್ರಾನ್ ಒದಗಿಸುವ ವ್ಯವಸ್ಥೆಯೂ ಇರುತ್ತದೆ. ಇಲ್ಲದಿದ್ದರೆ ಉಪಗ್ರಹದ ಮೇಲೆ ಮೈನಸ್ ಚಾರ್ಜ್ ಸೇರುತ್ತಾ ಹೋಗಿ ಅಯಾನುಗಳನ್ನು ಹಿಂದಕ್ಕೆಳೆಯುತ್ತದೆ.

ಇನ್ನೊಂದನ್ನು ನೀನು ಫಿಸಿಕ್ಸ್ ಕ್ಲಾಸಿನಲ್ಲಿ ಆಗಲೇ ಓದಿದ್ದೀಯ. ಆಲ್ಫಾ ಕಣ ಅಂದರೆ ಎರಡೂ ಎಲೆಕ್ಟ್ರಾನ್ ಇಲ್ಲದ ಹೀಲಿಯಂ, ಎಚ್‌ಇ²⁺. ಯುರೇನಿಯಂ, ಥೋರಿಯಂ ಇರುವ ಬಂಡೆಗಳಿಂದ ಅದು ಸದಾ ಹೊರಬರುತ್ತಿರುತ್ತದೆ. ಸುತ್ತಲಿನ ವಸ್ತುವಿನಿಂದ ಎರಡು ಎಲೆಕ್ಟ್ರಾನ್ ತೆಗೆದುಕೊಂಡು ಹೀಲಿಯಂ ಅನಿಲವಾಗುತ್ತದೆ. ನೆಲದಡಿಯ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿ ಬಲೂನಿಗೆ ತುಂಬುವ ಹೀಲಿಯಂ ಹೀಗೆ ಹುಟ್ಟಿದ್ದೇ.

ಪರೀಕ್ಷೆಗೆ ಬೇಕಾದ ಮಾತನ್ನೂ ಹೇಳಿಬಿಡುತ್ತೇನೆ. ಕ್ಸೆನಾನ್ ಡೈಫ್ಲೋರೈಡಿನಲ್ಲಿ ಕ್ಸೆನಾನ್‌ನ ಉತ್ಕರ್ಷಣ ಸಂಖ್ಯೆ, ಅಂದರೆ ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ಪೂರ್ತಿ ಫ್ಲೋರಿನ್‌ಗೇ ಕೊಟ್ಟಂತೆ ಎಣಿಸಿ ಹಾಕುವ ಲೆಕ್ಕ, ಪ್ಲಸ್ ಎರಡು. ಅದನ್ನು ಅಯಾನಿನ ಚಾರ್ಜ್ ಅಂತ ಬರೆಯಬೇಡ. ಅಲ್ಲಿ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿರುತ್ತವೆ, ಪೂರ್ತಿಯಾಗಿ ಬಿಟ್ಟುಕೊಟ್ಟಿರುವುದಿಲ್ಲ.